ಅವಧಿ ಮುಗಿದ ಕರಾರು: ವಿಜಯಪುರ ಜಿಲ್ಲೆಯ ಪುರಸಭೆ ಮಳಿಗೆಗಳ ತೆರವು ವ್ಯಾಜ್ಯ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಪೇಟೆಯಲ್ಲಿ ಪುರಸಭೆಯ ಮಳಿಗೆ ಹಿಡಿದವನು ಮಳಿಗೆ ತನ್ನದೆಂದು ವಾದಿಸುವಂತಿಲ್ಲ. ಬಾಡಿಗೆಗೆ ಬಂದವನು ಒಡೆಯನ ಹಕ್ಕನ್ನು ಅಲ್ಲಗಳೆಯಲಾಗದೆಂದು 1872ರ ಸಾಕ್ಷ್ಯ ಕಾಯ್ದೆಯ 116ನೇ ಕಲಮು ಆಗಲೇ ಕಟ್ಟುಹಾಕಿತ್ತು. ಹಾಗಿದ್ದೂ ಇಂಥ ದಾವೆಗಳು ವರ್ಷಗಟ್ಟಲೆ ಎಳೆಯುತ್ತವೆ. ಜಗಳ ಒಡೆತನದ್ದಲ್ಲ, ಬಿಡಿಸುವ ರೀತಿಯದು ಎಂಬುದೇ ಈ ಲೇಖನದ ವಾದ.

ಈ ಸೀಮೆ 1956ರ ನವೆಂಬರ್ 1ರವರೆಗೆ ಮುಂಬೈ ಆಡಳಿತದಲ್ಲಿತ್ತು. 1901ರ ಮುಂಬೈ ಜಿಲ್ಲಾ ಪುರಸಭೆ ಕಾಯ್ದೆಯ ಜಾಗಕ್ಕೆ 1964ರ ಪುರಸಭೆಗಳ ಕಾಯ್ದೆ ಬಂತು. ಅದರ 72ನೇ ಕಲಮು ಆಸ್ತಿಯನ್ನು ಗುತ್ತಿಗೆ ಕೊಡುವ ಅಧಿಕಾರವನ್ನು ಪುರಸಭೆಗೆ ಕೊಟ್ಟಿತು. ದೀರ್ಘಾವಧಿಗೆ ಕೊಡುವಾಗ ಮೇಲಿನವರ ಮಂಜೂರಾತಿ ಬೇಕೆಂದೂ ಹೇಳಿತು. ಮುಂಬೈಯ 1947ರ ಬಾಡಿಗೆ ಕಾಯ್ದೆಯಾಗಲಿ, ಕರ್ನಾಟಕದ 1999ರ ಬಾಡಿಗೆ ಕಾಯ್ದೆಯಾಗಲಿ ಸ್ಥಳೀಯ ಸಂಸ್ಥೆಯ ಕಟ್ಟಡಕ್ಕೆ ತಾಗುವುದಿಲ್ಲ. ಖಾಸಗಿ ಮಾಲೀಕನ ಬಾಡಿಗೆದಾರನಿಗೆ ಸಿಗುವ ಆಸರೆ ಪುರಸಭೆಯ ಬಾಡಿಗೆದಾರನಿಗೆ ಇಲ್ಲ.

ತಿರುವು ಬಂದದ್ದು 1967ರಲ್ಲಿ. ಪಂಜಾಬಿನ ತೆರವು ಕಾಯ್ದೆಯ ಮೇಲಿನ ನಾರ್ದರ್ನ್ ಇಂಡಿಯಾ ಕೇಟರರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಸೂಕ್ಷ್ಮ ದೋಷ ಹಿಡಿಯಿತು: ಒಬ್ಬನ ಮೇಲೆ ಸಿವಿಲ್ ದಾವೆ, ಇನ್ನೊಬ್ಬನ ಮೇಲೆ ನೇರ ತೆರವು ಎಂದು ಅಧಿಕಾರಿ ಮನಬಂದಂತೆ ಆರಿಸಬಹುದಾದರೆ ಸಮಾನತೆ ಎಲ್ಲಿ ಉಳಿಯಿತು? 1974ರಲ್ಲಿ ಮಗನಲಾಲ್ ಛಗನಲಾಲ್ ಪ್ರಕರಣದಲ್ಲಿ ಅದೇ ಕೋರ್ಟ್ ಆ ನಿಲುವನ್ನು ಕೈಬಿಟ್ಟಿತು. ಅದೇ ವರ್ಷದ ಕರ್ನಾಟಕ ಸಾರ್ವಜನಿಕ ಆವರಣಗಳ ಕಾಯ್ದೆ ಸಿವಿಲ್ ಕೋರ್ಟಿನ ದಾರಿಯನ್ನೇ ಮುಚ್ಚಿತು. ಸಕ್ಷಮ ಅಧಿಕಾರಿಯಿಂದ ಕಾರಣ ಕೇಳುವ ನೋಟಿಸು, ವಿಚಾರಣೆ, ಆದೇಶ, ಜಿಲ್ಲಾ ನ್ಯಾಯಾಧೀಶರ ಮುಂದೆ ಮೇಲ್ಮನವಿ. ಗುತ್ತಿಗೆ ಮುಗಿದ ಮೇಲೂ ಕೂತಿದ್ದರೆ ಅದು ಅನಧಿಕೃತ ಸ್ವಾಧೀನವೇ.

ಇಷ್ಟು ನೇರವಾದ ದಾರಿಯಿದ್ದೂ ಪುರಸಭೆಗಳು ಎಡವುವುದು ತಮ್ಮದೇ ದಫ್ತರದಲ್ಲಿ. ಇಂಥ ಫೈಲೊಂದರ ಕ್ರಮ ಹೀಗೆ: ಕೆಳಗೆ ಲಿಲಾವಿನ ಜಾಹೀರು, ಅದರ ಮೇಲೆ ಕರಾರು ಪತ್ರ, ಆಮೇಲೆ ಅವಧಿ ಮುಗಿದ ನಂತರವೂ ಹರಿದುಕೊಟ್ಟ ಬಾಡಿಗೆ ಪಾವತಿಗಳು, ನಡುನಡುವೆ ಮುಂದುವರಿಕೆ ಕೋರಿದ ಅರ್ಜಿ, ಸಾಮಾನ್ಯ ಸಭೆಯ ಠರಾವು. ಬಾಡಿಗೆದಾರನ ವಕೀಲ ಕೈಹಾಕುವುದು ಆ ಪಾವತಿಗಳಿಗೆ: ಹಣ ತೆಗೆದುಕೊಂಡಿದ್ದೀರಿ, ಆಸ್ತಿ ವರ್ಗಾವಣೆ ಕಾಯ್ದೆಯ 116ನೇ ಕಲಮಿನಂತೆ ಗುತ್ತಿಗೆ ಮುಂದುವರಿದಿದೆ! ಬಾಡಿಗೆ ಪಡೆದ ಮಾತ್ರಕ್ಕೆ ಗುತ್ತಿಗೆ ನವೀಕರಣವಾಗದೆಂದು ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿತು. ಆದರೆ ಚುನಾಯಿತ ಸದಸ್ಯರು ಪೇಟೆಯ ಮತದಾರರನ್ನು ಎದುರು ಹಾಕಿಕೊಳ್ಳಲಾರದೆ ಮಾಡುವ ಠರಾವುಗಳಿಗೆ ಯಾವ ತೀರ್ಪೂ ಮದ್ದಲ್ಲ.

1974ರ ಕಾಯ್ದೆಯ ತಡೆಯನ್ನು ದಾಟಿ ತಾಲ್ಲೂಕು ಸಿವಿಲ್ ಕೋರ್ಟಿಗೂ ದಾವೆ ಬರುತ್ತದೆ. ಬರುವುದು ಶಾಶ್ವತ ಪ್ರತಿಬಂಧಕಾಜ್ಞೆ ಕೋರಿ. ಕೊಡುವ ಡಿಕ್ರಿಯಲ್ಲಿ ‘ಕಾನೂನು ರೀತ್ಯಾ ಹೊರತು ತೆರವುಗೊಳಿಸಬಾರದು’ ಎಂಬ ಒಕ್ಕಣೆ. ಬಾಡಿಗೆದಾರ ಗೆದ್ದೆನೆನ್ನುತ್ತಾನೆ, ಪುರಸಭೆ ಸೋತೆನೆಂದು ಕೈಕಟ್ಟಿ ಕೂರುತ್ತದೆ. ನಿಜಕ್ಕೂ ಆ ಡಿಕ್ರಿ ಪುರಸಭೆಗೆ ದಾರಿ ತೋರಿಸಿರುತ್ತದೆ. ಸರ್ಕಾರವೇ ಮಾಲೀಕನಾದರೂ ಬಲಪ್ರಯೋಗದಿಂದ ಬಿಡಿಸುವಂತಿಲ್ಲವೆಂದು ಧರ್ಮೇಂದರ್ ಪ್ರಸಾದ್ ಸಿಂಗ್ ಪ್ರಕರಣದಲ್ಲಿ 1989ರಲ್ಲಿ ಬಂದ ತೀರ್ಪೂ ಇದನ್ನೇ ಹೇಳುತ್ತದೆ.

ದೂರವೂ ಈ ಚರಿತ್ರೆಯ ಭಾಗ. 2008ರ ಜುಲೈವರೆಗೆ ರಿಟ್ ಅರ್ಜಿಗೆ ಐನೂರು ಕಿಲೋಮೀಟರ್ ದಾಟಿ ಬೆಂಗಳೂರಿಗೇ ಹೋಗಬೇಕಿತ್ತು. ಆಗ ಕಲಬುರಗಿಯಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಸಿಂದಗಿಯ ವ್ಯಾಪಾರಿ ಬೆಳಿಗ್ಗೆ ಬಸ್ಸು ಹತ್ತಿ ವಕೀಲರನ್ನು ಕಂಡು ಸಂಜೆಗೆ ಅಂಗಡಿಗೆ ಮರಳುವಷ್ಟು ಹೈಕೋರ್ಟ್ ಹತ್ತಿರವಾಯಿತು.

ಮಳಿಗೆಯೆದುರು ತಳ್ಳುಗಾಡಿ ನಿಲ್ಲಿಸಿದವನ ಕಾನೂನು ಬೇರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಅವನನ್ನು ಎಬ್ಬಿಸಲು 30 ದಿನಗಳ ನೋಟಿಸು ಬೇಕು.

ಎಲ್ಲಕ್ಕಿಂತ ತೊಡಕಿನವನು ಒಳಬಾಡಿಗೆದಾರ. ಲಿಲಾವು ಕೂಗಿದವನು ಒಬ್ಬ, ಪಗಡಿ ಕೊಟ್ಟು ಗಲ್ಲಾದಲ್ಲಿ ಕೂತವನು ಇನ್ನೊಬ್ಬ. ಪುರಸಭೆಯ ಪಾವತಿ ಮೊದಲಿನವನ ಹೆಸರಿಗೆ. 1974ರ ಕಾಯ್ದೆ ಇದನ್ನು ಮೊದಲೇ ಊಹಿಸಿ, ನೋಟಿಸನ್ನು ಕಟ್ಟಡದ ಹೊರಬಾಗಿಲಿಗೆ ಅಥವಾ ಎದ್ದುಕಾಣುವ ಜಾಗದಲ್ಲಿ ಅಂಟಿಸಲು ಹೇಳಿದೆ. ಹಾಗೆ ಅಂಟಿಸಿದ್ದು ಸ್ವಾಧೀನದಲ್ಲಿರುವ ಎಲ್ಲರಿಗೂ ಮುಟ್ಟಿದಂತೆ. ಅಂಟಿಸಿದ್ದಕ್ಕೆ ಸರಿಯಾದ ಪಂಚನಾಮೆ ಇಲ್ಲದಿದ್ದರೆ ಮಾತ್ರ ಒಳಬಾಡಿಗೆದಾರನ ಮೊದಲ ತಕರಾರು ಅಲ್ಲಿಂದಲೇ ಹುಟ್ಟುತ್ತದೆ.