ಆಪ್ತ: ತಪ್ಪು ನುಡಿಯಲಾರದವನು

ಇಂದಿನ ಕನ್ನಡದಲ್ಲಿ ಆಪ್ತನೆಂದರೆ ಹತ್ತಿರದವನು. ಆಪ್ತಮಿತ್ರ, ಆಪ್ತಸಹಾಯಕ, ಆಪ್ತಸಮಾಲೋಚನೆ ಮುಂತಾದೆಡೆ ಸಾಮೀಪ್ಯ, ವಿಶ್ವಾಸಗಳೇ ಅರ್ಥ. ಈ ಅರ್ಥವನ್ನೇ ಹಿಡಿದು ಸಮಂತಭದ್ರಾಚಾರ್ಯರ 'ಆಪ್ತಮೀಮಾಂಸೆ'ಯನ್ನು ತೆರೆಯುವ ವಿದ್ಯಾರ್ಥಿಗೆ ಗ್ರಂಥದ ಹೆಸರೇ ಒಗಟಾಗುತ್ತದೆ. ಅಲ್ಲಿನ ಆಪ್ತನು ಗೆಳೆಯನಲ್ಲ, ತಪ್ಪು ನುಡಿಯಲು ಕಾರಣವೇ ಉಳಿಯದವನು.

ಪದದ ಮೂಲ 'ಆಪ್' ಧಾತು. ತಲುಪು, ಪಡೆ ಎಂದರ್ಥ. ನ್ಯಾಯಸೂತ್ರವು ಆಪ್ತನ ಉಪದೇಶವನ್ನು ಶಬ್ದಪ್ರಮಾಣವೆಂದು ಕರೆಯಿತು. ಭಾಷ್ಯಕಾರ ವಾತ್ಸ್ಯಾಯನನು ವಸ್ತುವಿನ ಸಾಕ್ಷಾತ್ಕಾರವೇ ಆಪ್ತಿ ಎಂದು ವಿವರಿಸಿ, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದನು. ಹುಟ್ಟನ್ನು ಬದಿಗಿಟ್ಟು ಅರಿವನ್ನು ಮಾತ್ರ ನೋಡಿದ ಈ ಮಾತು ಅದರ ಕಾಲಕ್ಕೆ ಸಣ್ಣದಲ್ಲ. ಆದರೆ ಈ ಆಪ್ತನು ತಾನು ಕಂಡ ವಿಷಯದಲ್ಲಿ ನಂಬಲರ್ಹನಾದರೆ ಸಾಕು. ಮೀಮಾಂಸಕರಾದರೋ ಪುರುಷನಾದವನು ತಪ್ಪದೆ ಇರಲಾರನೆಂದು ಬಗೆದು ವೇದವನ್ನು ಅಪೌರುಷೇಯವೆಂದರು. ಅವರ ವೇದಕ್ಕೆ ಆಪ್ತನೇ ಬೇಕಿಲ್ಲ.

ಜೈನರಿಗೆ ಆ ದಾರಿ ಇರಲಿಲ್ಲ. ಅವರ ಆಗಮದ ಮೂಲ ಪುರುಷನೊಬ್ಬನ ನುಡಿ. ಅಂತಹವನು ಸಾಧ್ಯನೆಂದು ತೋರಿಸಲೇಬೇಕಿತ್ತು. 114 ಕಾರಿಕೆಗಳ ಆಪ್ತಮೀಮಾಂಸೆಯು ಈ ಕೆಲಸವನ್ನು ವಿಸ್ಮಯಕರವಾಗಿ ಆರಂಭಿಸುತ್ತದೆ. ದೇವತೆಗಳ ಆಗಮನ, ಆಕಾಶಗಮನ, ಚಾಮರಾದಿ ವೈಭವಗಳು ಮಾಯಾವಿಗಳಲ್ಲಿಯೂ ಕಾಣುವುದರಿಂದ ಜಿನನ ಹಿರಿಮೆಗೆ ಅವು ಪ್ರಮಾಣವಲ್ಲ. ಮತಸ್ಥಾಪಕರ ಮಾತುಗಳು ಪರಸ್ಪರ ವಿರುದ್ಧವಾಗಿರುವುದರಿಂದ ಎಲ್ಲರೂ ಆಪ್ತರಾಗಲಾರರು. ದೋಷ ಮತ್ತು ಆವರಣಗಳು ಒಬ್ಬನಲ್ಲಿ ಹೆಚ್ಚು, ಇನ್ನೊಬ್ಬನಲ್ಲಿ ಕಡಿಮೆ. ಆದುದರಿಂದ ಎಲ್ಲೋ ಒಬ್ಬನಲ್ಲಿ ಅವು ನಿಶ್ಶೇಷವಾಗಿ ಕಳೆದಿರಬಹುದು.

ವಾದದ ಅತ್ಯಂತ ಸೂಕ್ಷ್ಮವಾದ ಹೆಜ್ಜೆ ಇದೇ. ಹತ್ತು ಮೊಳ ನೆಗೆಯುವವನು ಎಷ್ಟು ಅಭ್ಯಾಸ ಮಾಡಿದರೂ ಯೋಜನದ ದೂರ ನೆಗೆಯಲಾರ ಎಂಬುದು ಮೀಮಾಂಸಕರ ಪ್ರಸಿದ್ಧ ಆಕ್ಷೇಪ. ನೆಗೆತವು ಬೆಳೆಸಿಕೊಳ್ಳುವ ಶಕ್ತಿ, ಜ್ಞಾನವಾದರೋ ಜೀವದ ಸ್ವಭಾವ. ಅಲ್ಲಿ ಆಗಬೇಕಾದುದು ಬೆಳವಣಿಗೆಯಲ್ಲ, ಮಲದ ನಿವಾರಣೆ ಎಂಬುದು ಜೈನರ ನಿಲುವು. ಈ ಭೇದವನ್ನು ಒಪ್ಪದವರಿಗೆ ಮುಂದಿನ ವಾದ ನಿಲ್ಲದು.

ನಿರ್ಣಾಯಕ ಒರೆಗಲ್ಲು ಆರನೆಯ ಕಾರಿಕೆಯಲ್ಲಿದೆ: ಯಾರ ಮಾತು ಯುಕ್ತಿಗೂ ಶಾಸ್ತ್ರಕ್ಕೂ ವಿರೋಧಿಯಲ್ಲವೋ ಅವನೇ ನಿರ್ದೋಷಿ. ಆಪ್ತತ್ವವು ಇಲ್ಲಿ ಪರೀಕ್ಷೆಗೆ ಮೊದಲೇ ದೊರೆತ ಪದವಿಯಲ್ಲ. ಅಕಲಂಕರು ಅಷ್ಟಶತಿಯಲ್ಲಿ, ವಿದ್ಯಾನಂದರು ಅಷ್ಟಸಹಸ್ರಿಯಲ್ಲಿ ವಿಸ್ತರಿಸಿದ್ದು ಈ ಪರೀಕ್ಷೆಯನ್ನೇ.

ಸಮಂತಭದ್ರರ ಹೆಸರಿನಲ್ಲಿರುವ ರತ್ನಕರಂಡಕ ಶ್ರಾವಕಾಚಾರವು ಆಪ್ತನಿಗೆ ಮೂರು ಗುಣಗಳನ್ನು ಹೇಳುತ್ತದೆ: ದೋಷರಹಿತತೆ, ಸರ್ವಜ್ಞತ್ವ, ಆಗಮದ ಒಡೆತನ. ತಪ್ಪು ಮಾತಿನ ಬೇರುಗಳು ರಾಗದ್ವೇಷ ಮತ್ತು ಅಜ್ಞಾನ. ಮೊದಲೆರಡು ಗುಣಗಳು ಅವೆರಡನ್ನೂ ಕತ್ತರಿಸುತ್ತವೆ. ಅದೇ ಕೃತಿ ಸಮ್ಯಗ್ದರ್ಶನವನ್ನು ಆಪ್ತ, ಆಗಮ, ತಪಸ್ವಿಗಳಲ್ಲಿನ ಶ್ರದ್ಧೆಯೆಂದು ನಿರೂಪಿಸುವಾಗ, ಆಪ್ತನನ್ನು ಮೊದಲಿಗೆ ನಿಲ್ಲಿಸಿರುವುದು ಈ ಅರ್ಥದಿಂದಲೇ.