ದನಿಯ ನೆಲೆ

ಬನಹಟ್ಟಿಯ ನೇಕಾರರ ಓಣಿಯಲ್ಲಿ ನಡೆಯುವವನಿಗೆ ಲಾಳಿಯ ಸದ್ದು ಯಾವ ಮನೆಯಿಂದ ಬರುವದೆಂಬದನ್ನು ಕಣ್ಣು ಹೇಳಬೇಕಾಗಿಲ್ಲ, ಕಿವಿಯೇ ಹೇಳುವದು. ಬಲಗಡೆಯ ಸದ್ದು ಬಲಗಿವಿಯನ್ನು ಮೊದಲು ಮುಟ್ಟುವದು. ಎಡಗಿವಿಗೆ ತುಸು ತಡೆದು, ತಲೆಯ ಮರೆಯಿಂದ ತುಸು ಕ್ಷೀಣವಾಗಿ ಮುಟ್ಟುವದು. ಆ ತಡವು ಸೆಕೆಂಡಿನ ಸಾವಿರದ ಒಂದು ಅಂಶಕ್ಕಿಂತಲೂ ಕಡಿಮೆ. ಆದರೂ ತಗ್ಗು ಸ್ವರಗಳ ದಿಕ್ಕು ಈ ಕಾಲಭೇದದಿಂದಲೂ, ಏರು ಸ್ವರಗಳ ದಿಕ್ಕು ಬಲಭೇದದಿಂದಲೂ ತಿಳಿಯುವದೆಂದು ಆಂಗ್ಲ ವಿಜ್ಞಾನಿ ಲಾರ್ಡ್ ರೇಲೀ 1907ರಲ್ಲಿ ಪ್ರತಿಪಾದಿಸಿದನು.

ಇಷ್ಟು ಸೂಕ್ಷ್ಮವಾದ ಕಿವಿಯನ್ನು ಸಹ ಮರುಳುಗೊಳಿಸುವ ಕಟ್ಟಡವೊಂದು ಬನಹಟ್ಟಿಯ ಈಶಾನ್ಯಕ್ಕೆ, ಕೃಷ್ಣೆಯಾಚೆ, ವಿಜಾಪುರದಲ್ಲಿ ಉಂಟು. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಾಹನ ಗೋರಿಯ ಮೇಲಣ ಗೋಳಗುಮ್ಮಟವಿದು. ಗುಮ್ಮಟದ ಒಳವ್ಯಾಸ ಸುಮಾರು 124 ಅಡಿ. ಅದರ ಬುಡದಲ್ಲಿ ಸುಮಾರು 11 ಅಡಿ ಅಗಲದ ಮೊಗಸಾಲೆಯು ಸುತ್ತುವರಿದಿದೆ. ಅಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ ಮಾತು ಎದುರು ಮಗ್ಗುಲಿನವನಿಗೆ ಬಗಲಲ್ಲಿ ಕುಳಿತವನ ಮಾತಿನಂತೆ ಕೇಳುವದು. ಆಡಿದವನು ದೂರದಲ್ಲಿ, ಮಾತು ಮಾತ್ರ ಕಿವಿಯ ಬಳಿಯಲ್ಲಿ! ಕಟ್ಟಿದವರು ಇದನ್ನು ಬಯಸಿ ಮಾಡಿದ್ದೆಂದು ನಂಬಲು ಕಾರಣ ಸಾಲದು. ಇದು ಗೋರಿಯೇ ಹೊರತು ಗಾನಶಾಲೆಯಲ್ಲ.

ಇಂಥ ಮೊಗಸಾಲೆಗಳಲ್ಲಿ ಶಬ್ದವು ಗುಮ್ಮಟಕ್ಕೆ ತಾಗಿ, ಸರಿಯಾಗಿ ಎದುರಿನ ಒಂದೇ ಬಿಂದುವಿನಲ್ಲಿ ಬಂದು ಕೂಡುವದೆಂದು ಮೊದಲು ಕೆಲವರು ಬಗೆದಿದ್ದರು. ಲಂಡನ್ನಿನ ಸೇಂಟ್ ಪಾಲ್ ಮಂದಿರವನ್ನು ಪರಿಶೀಲಿಸಿದ ರೇಲೀ ಇದನ್ನೊಪ್ಪಲಿಲ್ಲ. ಪಿಸುದನಿಯು ಬಾಗಿದ ಗೋಡೆಯ ಮಗ್ಗುಲನ್ನು ಬಿಡದೆ ತೆವಳುತ್ತ ಸಾಗುವದು. ಆದ್ದರಿಂದ ಎದುರಿನವನಿಗಷ್ಟೇ ಅಲ್ಲ, ಗೋಡೆಗುಂಟ ಎಲ್ಲೆಲ್ಲಿಯೂ ಕೇಳುವದೆಂದು ಅವನು ತೋರಿಸಿದನು. ಸರ್ ಸಿ. ವಿ. ರಾಮನ್ನರು ಗೋಳಗುಮ್ಮಟವನ್ನೂ ಒಳಗೊಂಡು ಭಾರತದ ಇಂಥ ಹಲವು ಕಟ್ಟಡಗಳನ್ನು ಪರೀಕ್ಷಿಸಿ 1922ರಲ್ಲಿ ಲೇಖನವನ್ನು ಪ್ರಕಟಿಸಿದರು. ಗೋಡೆಯಿಂದ ಒಳಕ್ಕೆ ಸರಿದಂತೆ ದನಿಯು ಒಮ್ಮೆ ಏರಿ ಒಮ್ಮೆ ಇಳಿದು ಪಟ್ಟೆಪಟ್ಟೆಯಾಗಿರುವದೆಂಬದು ಅವರ ಶೋಧದ ವಿಶೇಷ.

ದನಿಯನ್ನು ಬೇಕಾದೆಡೆ ನಿಲ್ಲಿಸುವ ಯತ್ನವು ಯಂತ್ರಗಳಿಂದಲೂ ನಡೆಯಿತು. 1881ರಲ್ಲಿ ಪ್ಯಾರಿಸಿನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಅಡೇರನು ರಂಗಮಂದಿರದ ಗಾಯನವನ್ನು ಎರಡು ಕಿವಿಗೆ ಎರಡು ಟೆಲಿಫೋನುಗಳಿಂದ ಕೇಳಿಸಿದಾಗ, ಗಾಯಕರು ಅತ್ತಿಂದಿತ್ತ ನಡೆದದ್ದು ಕೇಳುವವರಿಗೆ ಗೊತ್ತಾಯಿತು. 1931ರಲ್ಲಿ ಇಂಗ್ಲಂಡದ ಬ್ಲಮ್ಲೈನನು ಎರಡು ಧ್ವನಿವರ್ಧಕಗಳ ಪದ್ಧತಿಗೆ ಪೇಟೆಂಟು ಕೇಳಿದನು. 1940ರ 'ಫ್ಯಾಂಟೇಸಿಯಾ' ಚಿತ್ರವು ಪ್ರೇಕ್ಷಕರ ಸುತ್ತಲೂ ದನಿಯನ್ನು ಹರಡಿತು. 2012ರಿಂದೀಚೆಗೆ ಚಿತ್ರಮಂದಿರಗಳ ಮಾಳಿಗೆಯಿಂದಲೂ ಮಳೆ ಸುರಿಯಹತ್ತಿದೆ.

ಈ ಸೀಮೆಯ ಶ್ರೀಕೃಷ್ಣ ಪಾರಿಜಾತದ ಬಯಲಾಟಕ್ಕೆ ಬಂದದ್ದು ಮಾತ್ರ ಕಂಬಕ್ಕೆ ಕಟ್ಟಿದ ಧ್ವನಿವರ್ಧಕ. ಸತ್ಯಭಾಮೆಯು ರಂಗದ ನಡುವೆ ಮುನಿದು ನಿಂತಿರುವಳು. ಅವಳ ಮುನಿಸಿನ ಮಾತು ಬೇವಿನ ಗಿಡದ ಮಗ್ಗುಲಿನ ಕಂಬದಿಂದ ಬರುವದು! ಕಟ್ಟಕಡೆಗೆ ಕುಳಿತವನಿಗೆ ಪದಗಳು ತಿಳಿದವೆಂಬದು ನಿಜ. ಹಿಂದೆ ಅಷ್ಟೂ ದಕ್ಕುತ್ತಿರಲಿಲ್ಲ. ಆದರೆ ಅಭಿನಯಕ್ಕೂ ಮಾತಿಗೂ ಬೆಸುಗೆ ಬಿಟ್ಟಿತು.

ಇದಕ್ಕೆ ಉಪಾಯವಿಲ್ಲದಿಲ್ಲ. ಒಂದೇ ಮಾತು ಎರಡು ಕಡೆಯಿಂದ ಬಂದರೆ ಕಿವಿಯು ಮೊದಲು ಬಂದುದರ ದಿಕ್ಕನ್ನೇ ನಂಬುವದು. ಹಿಂದಿನಿಂದ ಬಂದದ್ದು ಸೆಕೆಂಡಿನ ಸಾವಿರದ 10-20 ಅಂಶ ತಡವಾಗಿದ್ದರೆ, ಅದು ಹತ್ತು ಪಟ್ಟು ಶಕ್ತಿಯುಳ್ಳದ್ದಾದರೂ ಪ್ರತ್ಯೇಕವಾಗಿ ಕೇಳಿಸದೆ ಮೊದಲಿನದಕ್ಕೆ ಬಲ ಕೊಡುವದೆಂದು ಜರ್ಮನಿಯ ಹೆಲ್ಮೂಟ್ ಹಾಸ್ 1949ರ ಪ್ರಬಂಧದಲ್ಲಿ ತೋರಿಸಿದನು. ರಂಗದಿಂದ 60 ಅಡಿ ದೂರಕ್ಕೆ ನಟಿಯ ಸ್ವಂತ ದನಿ ಮುಟ್ಟಲು ಸಾವಿರದ 53 ಅಂಶ ಬೇಕು. ಆದ್ದರಿಂದ ಅಲ್ಲಿಯ ಕಂಬದ ದನಿಯನ್ನು ಸುಮಾರು 65 ಅಂಶ ತಡೆದು ಬಿಡಬೇಕು. ಅದಕ್ಕೂ ಹಿಂದಿನ ಕಂಬಕ್ಕೆ ದೂರವನ್ನಳೆದು ಇನ್ನಷ್ಟು. ಆಗ ಮಾತು ಸ್ಪಷ್ಟವಾಗಿಯೂ ಇದ್ದು, ಸತ್ಯಭಾಮೆಯ ಬಾಯಿಂದಲೇ ಬರುವದು.