ಬೀದರ್ ಸೀಮೆಯ ಉಚಿತ ವೈದ್ಯಸೇವೆ

ಬೀದರ್ ನಗರ, ಭಾಲ್ಕಿ ಮತ್ತು ಔರಾದ್ ಭಾಗದಲ್ಲಿ ರೋಗಿಯಿಂದ ಹಣ ಪಡೆಯದೆ ನಡೆದುಬಂದ ಚಿಕಿತ್ಸೆಯ ಇತಿಹಾಸ ಮತ್ತು ಅದರಲ್ಲಿ ಸಂಬಳವಿಲ್ಲದೆ ದುಡಿದವರ ಪಾತ್ರ ಈ ಲೇಖನದ ವಸ್ತು. ಇತಿಹಾಸದಲ್ಲಿ ಉಲ್ಲೇಖವಿರುವ ಧರ್ಮಾರ್ಥ ದವಾಖಾನೆ ಈ ಸೀಮೆಯಲ್ಲಿ 15ನೇ ಶತಮಾನದಷ್ಟು ಹಳೆಯದು. ಸುಲ್ತಾನರು, ಮಠ, ಗುರುದ್ವಾರ, ಕ್ರೈಸ್ತ ಮಿಷನ್, ಕೊನೆಗೆ ಸರ್ಕಾರ ಒಂದೊಂದು ಕಾಲಕ್ಕೆ ಈ ಹೊರೆ ಹೊತ್ತಿವೆ. ಆರು ಶತಮಾನ ಕಳೆದರೂ ಬಗೆಹರಿಯದೆ ಉಳಿದ ತೊಡಕು ಒಂದೇ: ಔಷಧ ಪಟ್ಟಣದಲ್ಲಿ, ರೋಗಿ ಹಳ್ಳಿಯಲ್ಲಿ.

ಬಹಮನಿ ಅರಸರು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದದ್ದು ಅಹಮದ್ ಶಾ ವಲಿಯ ಕಾಲದಲ್ಲಿ. ಅವನ ಮಗ ಎರಡನೇ ಅಲಾವುದ್ದೀನ್ ಅಹಮದ್ ಶಾ (ಆಳ್ವಿಕೆ 1436–1458) ಬೀದರಿನಲ್ಲಿ ದೊಡ್ಡ ದಾರುಶ್ಶಿಫಾ, ಅಂದರೆ ಆಸ್ಪತ್ರೆ, ಕಟ್ಟಿಸಿದನೆಂದು ಇತಿಹಾಸಕಾರ ಫಿರಿಸ್ತಾ ಬರೆದಿದ್ದಾನೆ. ರೋಗಿಗಳ ಔಷಧ, ಅನ್ನಪಾನಗಳ ವೆಚ್ಚಕ್ಕೆ ಕೆಲವು ಹಳ್ಳಿಗಳ ಉತ್ಪನ್ನವನ್ನು ಬಿಟ್ಟುಕೊಟ್ಟಿದ್ದ. ಮುಸ್ಲಿಂ ಹಕೀಮರ ಜೊತೆಗೆ ಹಿಂದೂ ವೈದ್ಯರನ್ನೂ ನೇಮಿಸಿದ್ದ. ಇಂದಿನ ಎಷ್ಟೋ ಧರ್ಮಾರ್ಥ ಚಿಕಿತ್ಸಾಲಯಗಳು ಎಡವುವ ಎರಡು ಕಡೆಗಳಲ್ಲಿ ಅವನು ಎಚ್ಚರ ವಹಿಸಿದ್ದನು. ಒಂದು, ದಾನಿಯ ಉತ್ಸಾಹ ಆರಿದ ಮೇಲೂ ನಿಲ್ಲದ ಆದಾಯ. ಇನ್ನೊಂದು, ರೋಗಿಗೆ ನಂಬಿಕೆಯಿರುವ ಪದ್ಧತಿಯ ವೈದ್ಯ ಅದೇ ಸೂರಿನಡಿ ಸಿಗುವುದು. ಆದರೆ ಕಂದಾಯ ಕೊಟ್ಟದ್ದು ಹಳ್ಳಿ, ಆಸ್ಪತ್ರೆ ನಿಂತದ್ದು ರಾಜಧಾನಿಯಲ್ಲಿ. ಇದಾದ ಕೆಲವೇ ದಶಕಗಳಲ್ಲಿ ಬೀದರಿಗೆ ಬಂದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್, ಇಲ್ಲಿನ ಸರದಾರರ ವೈಭವವನ್ನೂ ಹಳ್ಳಿಗರ ಬಡತನವನ್ನೂ ಒಟ್ಟಿಗೇ ದಾಖಲಿಸಿದ್ದಾನೆ. ಫಿರಿಸ್ತಾ, ನಿಕಿತಿನ್ ಇಬ್ಬರ ಬರಹವನ್ನೂ ಸೇರಿಸಿ ಓದಿದರೆ ದಾರುಶ್ಶಿಫಾದ ಹಿರಿಮೆಯೂ ಮಿತಿಯೂ ಕಾಣುತ್ತವೆ.

ಅರಸರಿಗಿಂತ ಹಿಂದಿನ ಪರಂಪರೆಯೂ ಈ ನೆಲಕ್ಕಿದೆ. ಬೀದರ್ ಜಿಲ್ಲೆಗೇ ಸೇರಿದ ಬಸವಕಲ್ಯಾಣದಲ್ಲಿ 12ನೇ ಶತಮಾನದ ಶರಣರು ಕಾಯಕ ಮತ್ತು ದಾಸೋಹವನ್ನು ಒಟ್ಟಿಗೆ ಕಟ್ಟಿದರು. ಅವರ ಸಾಲಿನಲ್ಲಿ ವೈದ್ಯವೃತ್ತಿಯ ವಚನಕಾರ ವೈದ್ಯ ಸಂಗಣ್ಣನೂ ಇದ್ದಾನೆ. ಮುಂದಿನ ಕಾಲಕ್ಕೆ ಸೇರಿದ, ಬೀದರಿನ ಗುರುನಾನಕ್ ಝೀರಾ ಗುರುದ್ವಾರದ ಕತೆಯಲ್ಲೂ ಸೇವೆಯೇ ನಡುವಿನ ಎಳೆ. ಉಪ್ಪುನೀರಿನಿಂದ ಬಳಲುತ್ತಿದ್ದ ಜನಕ್ಕೆ ಗುರುನಾನಕರು ಬಂಡೆ ಸರಿಸಿ ಸಿಹಿನೀರ ಝರಿ ತೋರಿದರೆಂಬುದು ನಂಬಿಕೆ. ಅಲ್ಲಿನ ಲಂಗರಿನಲ್ಲಿ ಜಾತಿ, ಧರ್ಮ ಕೇಳದೆ ಊಟ ಬಡಿಸುತ್ತಾರೆ. ಬಡಿಸುವವರೂ ಪಾತ್ರೆ ತೊಳೆಯುವವರೂ ಬಹುಪಾಲು ಸೇವೆಗೆಂದೇ ಬಂದವರು. ಶುದ್ಧ ನೀರು, ಹೊಟ್ಟೆತುಂಬ ಊಟ ಎರಡೂ ಆರೋಗ್ಯದ ಮೊದಲ ಮೆಟ್ಟಿಲುಗಳಾದ್ದರಿಂದ ಈ ಪ್ರಸಂಗ ವೈದ್ಯಸೇವೆಯ ಚರಿತ್ರೆಗೆ ಹೊರಗಿನದಲ್ಲ. ಬೀದರಿನ ನೆಲದಡಿಯ ನೀರುಕಾಲುವೆಯಾದ ಕಾರೇಜ್, ಜನ ಕರೆಯುವಂತೆ ಸುರಂಗ ಬಾವಿ, ಇದೇ ಸಾಲಿಗೆ ಸೇರುತ್ತದೆ.

ಮುಂದೆ ಈ ಸೀಮೆಯನ್ನಾಳಿದ ಹೈದರಾಬಾದಿನ ನಿಜಾಮರ ಕಾಲದಲ್ಲಿ ಹಕೀಮರ ಯುನಾನಿ ವೈದ್ಯಪದ್ಧತಿಗೆ ರಾಜಾಶ್ರಯವಿತ್ತು. 19ನೇ ಶತಮಾನದ ಕೊನೆಯ ಹೊತ್ತಿಗೆ ಮೆಥೊಡಿಸ್ಟ್ ಮಿಷನ್ ಬೀದರಿಗೆ ಬಂದು ಮಂಗಲಪೇಟೆಯಲ್ಲಿ ನೆಲೆಯೂರಿತು. ಶಾಲೆಯ ಜೊತೆಗೆ ಆಸ್ಪತ್ರೆಯನ್ನೂ ನಡೆಸಿತು.

ಭಾಲ್ಕಿಯಲ್ಲಿ ಈ ಕೆಲಸಕ್ಕೆ ಬೇರೆಯೇ ರೂಪ ಬಂತು. ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಹಿರೇಮಠ ಸಂಸ್ಥಾನವನ್ನು ಬೆಳೆಸಿದ ಡಾ. ಚನ್ನಬಸವ ಪಟ್ಟದ್ದೇವರು (1889–1999) ನಿಜಾಮರ ಆಡಳಿತದಲ್ಲಿ ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದವರೆಂದು ನಾಡಿಗೆ ಪರಿಚಿತರು. ಅನಾಥ ಮಕ್ಕಳನ್ನೂ ಮಠದಲ್ಲಿಟ್ಟು ಸಾಕಿದರು. ಅವರ ನಂತರ ಬಂದ ಬಸವಲಿಂಗ ಪಟ್ಟದ್ದೇವರು, ಹೆತ್ತವರು ತೊರೆದ ಹಸುಗೂಸುಗಳನ್ನು ಮಠದ ಮಡಿಲಿಗೆ ತೆಗೆದುಕೊಂಡರು. ಹೆತ್ತವರಿಲ್ಲದ ಕೂಸಿಗೆ ಹೊತ್ತಿಗೆ ಹಾಲು, ಲಸಿಕೆ, ರಾತ್ರಿ ಜ್ವರ ಬಂದರೆ ಎಚ್ಚರವಿರುವ ಒಬ್ಬರು ಬೇಕು. ಬಿಳಿ ಕೋಟು ಇಲ್ಲದಿದ್ದರೂ ಇದು ವೈದ್ಯಸೇವೆಯೇ.

1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿ, 1956ರಲ್ಲಿ ಬೀದರ್ ಮೈಸೂರು ರಾಜ್ಯದ ಭಾಗವಾಯಿತು. ಕ್ರಮೇಣ ಉಚಿತ ಚಿಕಿತ್ಸೆ ಎಂದರೆ ಶಿಬಿರ ಎಂಬಂತಾಯಿತು. ಈ ಶಿಬಿರ ಪದ್ಧತಿಯನ್ನು ಕರ್ನಾಟಕದಲ್ಲಿ ಮನೆಮಾತಾಗಿಸಿದವರು ಬೀಳಗಿಯಲ್ಲಿ ಹುಟ್ಟಿದ ನೇತ್ರತಜ್ಞ ಡಾ. ಎಂ. ಸಿ. ಮೋದಿ (1916–2005). 1943ರಿಂದ ಊರೂರು ಸುತ್ತಿ, ಒಂದೇ ದಿನ 833 ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರದು. ವೈದ್ಯನೊಬ್ಬನ ಕೈ ಅಷ್ಟು ವೇಗವಾಗಿ ಓಡಬೇಕಾದರೆ ಸುತ್ತಲೂ ಹತ್ತಾರು ಕೈಗಳು ದುಡಿಯಬೇಕು. ಹೆಸರು ಬರೆದುಕೊಳ್ಳುವುದು, ಬಿಪಿ, ಶುಗರ್ ನೋಡಿಸುವುದು, ಕಣ್ಣಿಗೆ ಹನಿ ಹಾಕುವುದು, ಎಡಗಣ್ಣೋ ಬಲಗಣ್ಣೋ ಎಂದು ಹುಬ್ಬಿನ ಮೇಲೆ ಪಟ್ಟಿ ಅಂಟಿಸುವುದು, ಅಜ್ಜಿಯ ಕೈಹಿಡಿದು ಶೌಚಕ್ಕೆ ಕರೆದೊಯ್ಯುವುದು, ಊಟ, ಹಾಸಿಗೆ, ಮರಳಿ ಊರಿಗೆ ಜೀಪು. ಇದರಲ್ಲಿ ಬಹುಪಾಲು ಊರ ಯುವಕರು, ಶಾಲಾ ಶಿಕ್ಷಕರು, ಕಾಲೇಜಿನ ಎನ್‌ಎಸ್‌ಎಸ್ ವಿದ್ಯಾರ್ಥಿಗಳು ಮಾಡಬಲ್ಲ ಕೆಲಸ. ಪಟ್ಟಿಯ ಗುರುತು ತಪ್ಪಿದರೆ ಅನಾಹುತವಾದೀತು. ಇದನ್ನು ಸಣ್ಣ ಕೆಲಸ ಎನ್ನುವಂತಿಲ್ಲ.

ಕಾಲ ಕಳೆದಂತೆ ಪದ್ಧತಿ ಬದಲಾಯಿತು. ದಪ್ಪ ಗಾಜಿನ ಕನ್ನಡಕ ಹೋಗಿ ಕಣ್ಣೊಳಗೇ ಮಸೂರ ಕೂರಿಸುವುದು ರೂಢಿಯಾಯಿತು. ಸೋಂಕಿನ ಭಯದಿಂದ ಶಾಲೆ, ಕಲ್ಯಾಣ ಮಂಟಪಗಳಲ್ಲಿ ಶಸ್ತ್ರಚಿಕಿತ್ಸೆ ಮಾಡುವುದನ್ನು ಕೈಬಿಟ್ಟು, ಹಳ್ಳಿಯಲ್ಲಿ ತಪಾಸಣೆ ಮಾತ್ರ ನಡೆಸಿ ರೋಗಿಯನ್ನು ಆಸ್ಪತ್ರೆಗೆ ಒಯ್ಯುವ ಕ್ರಮ ಬಂತು. ಸರಿಯಾದ ಬದಲಾವಣೆಯೇ. ಆದರೆ ಇದರಿಂದ ಸ್ವಯಂಸೇವಕರ ಹೊಣೆ ಹೆಚ್ಚಿತು. ತಪಾಸಣೆಯಲ್ಲಿ ಆಯ್ಕೆಯಾದ ರೈತ ಸೋಯಾ ರಾಶಿ ಬಿಟ್ಟು ಬರಲಾರ, ಕೂಲಿ ಹೆಂಗಸು ದಿನದ ದುಡಿಮೆ ಕಳೆದುಕೊಳ್ಳಲಾರಳು. ಅವರ ಮನೆಗೆ ಮತ್ತೆ ಮತ್ತೆ ಹೋಗಿ, ಯಾವ ದಿನ ಅನುಕೂಲವೆಂದು ಕೇಳಿ, ವಾಹನಕ್ಕೆ ಹತ್ತಿಸಬೇಕು.

ಬೀದರ್ ಸೀಮೆಯ ಸ್ವಯಂಸೇವಕರಿಗೆ ಇನ್ನೂ ಒಂದು ಕೆಲಸವಿದೆ. ಔರಾದಿನ ಹಳ್ಳಿಗಳಲ್ಲಿ ಮರಾಠಿ, ತಾಂಡಾಗಳಲ್ಲಿ ಲಂಬಾಣಿ, ಬೀದರಿನ ಗಲ್ಲಿಗಳಲ್ಲಿ ದಖ್ಖನಿ ಉರ್ದು, ಗಡಿಯಂಚಿನಲ್ಲಿ ತೆಲುಗು ಕೇಳುತ್ತವೆ. ದಕ್ಷಿಣದ ಜಿಲ್ಲೆಯಿಂದ ಬಂದ ಎಳೆಯ ವೈದ್ಯನಿಗೆ ಎದೆಯ ಉರಿಯೋ ಹೊಟ್ಟೆಯ ಉರಿಯೋ ಎಂದು ಬಿಡಿಸಿ ಹೇಳುವವರು ಬೇಕು. ಊಟಕ್ಕೆ ಮೊದಲೋ ನಂತರವೋ ಎಂಬುದನ್ನು ರೋಗಿಯ ಮಾತಿನಲ್ಲೇ ಹೇಳಿ, ಅವರಿಂದಲೇ ಮರಳಿ ಹೇಳಿಸುವವರು ಬೇಕು. ಈ ನಾಡಿನ ಬಹುಭಾಷಿಕ ಜನಕ್ಕೆ ಸಹಜವಾಗಿ ಬರುವ ಈ ಕೆಲಸ ಯಾವ ಶಿಬಿರದ ವರದಿಯ ಅಂಕಿಯಲ್ಲೂ ಕಾಣುವಂಥದ್ದಲ್ಲ.

ಸರ್ಕಾರ ದಾಟಿದ ದಾರಿ ದೊಡ್ಡದೇ. ಪ್ರಾದೇಶಿಕ ಅಸಮತೋಲನ ಕುರಿತು 2002ರಲ್ಲಿ ವರದಿ ಕೊಟ್ಟ ಡಿ. ಎಂ. ನಂಜುಂಡಪ್ಪ ಸಮಿತಿ ಔರಾದ್, ಭಾಲ್ಕಿ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಗೆ ಸೇರಿಸಿತು. 2007ರಲ್ಲಿ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಬ್ರಿಮ್ಸ್, ಆರಂಭವಾಯಿತು. ಬಡ ಕುಟುಂಬಗಳಿಗೆ ದೊಡ್ಡ ಶಸ್ತ್ರಚಿಕಿತ್ಸೆಯ ವೆಚ್ಚ ಭರಿಸುತ್ತಿದ್ದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಜಾರಿಗೆ ಬಂದದ್ದು ಕಲಬುರಗಿ ವಿಭಾಗದಲ್ಲೇ. 2011ರ ಜನಗಣತಿಯಂತೆ 17,03,300 ಜನರಿದ್ದ ಜಿಲ್ಲೆಗೆ ಇವು ಬೇಕಾಗಿದ್ದವು.

2005ರಲ್ಲಿ ಆಶಾ ಯೋಜನೆ ಆರಂಭವಾದ ನಂತರ ಹಳ್ಳಿಯ ಆರೋಗ್ಯದ ಭಾರವೆಲ್ಲ ಬಿದ್ದದ್ದು ಆಶಾ ಕಾರ್ಯಕರ್ತೆಯರ ಮೇಲೆ. ಈ ಯೋಜನೆಗೆ ಮಾದರಿಯಾದ ಪ್ರಯೋಗಗಳಲ್ಲಿ ಮಹಾರಾಷ್ಟ್ರದ ಜಾಮಖೇಡ್‌ನಲ್ಲಿ ಆರೋಳೆ ದಂಪತಿ 1970ರಲ್ಲಿ ಆರಂಭಿಸಿದ ಕೆಲಸವೂ ಒಂದು. ಅಕ್ಷರ ಬಾರದ ಹೆಂಗಸರಿಗೆ ತರಬೇತಿ ಕೊಟ್ಟು ಹಳ್ಳಿಯ ಆರೋಗ್ಯ ಅವರ ಕೈಗೊಪ್ಪಿಸಿದ್ದು ಅಲ್ಲಿ. ಆಶಾ ಕಾರ್ಯಕರ್ತೆಯನ್ನು ಸರ್ಕಾರ ಇಂದಿಗೂ ಗೌರವಧನದ ಸ್ವಯಂಸೇವಕಿ ಎಂದೇ ಲೆಕ್ಕಿಸುತ್ತದೆ. ನಡುರಾತ್ರಿ ಗರ್ಭಿಣಿಯ ಜೊತೆ ಆಂಬುಲೆನ್ಸ್ ಹತ್ತುವವಳಿಗೆ, ಕೋವಿಡ್ ಕಾಲದಲ್ಲಿ ಮನೆಮನೆ ಎಣಿಸಿದವಳಿಗೆ ಇದು ನ್ಯಾಯವಲ್ಲ. ಬದುಕಿಗೆ ಬೇರೆ ಆಧಾರವಿರುವವರು ಬಿಡುವಿನಲ್ಲಿ ಕೊಡುವ ಸೇವೆ ಬೇರೆ, ಬಡ ಹೆಣ್ಣುಮಗಳ ದಿನದ ದುಡಿಮೆಯನ್ನು ಸೇವೆಯ ಹೆಸರಿನಲ್ಲಿ ಅಗ್ಗಕ್ಕೆ ಪಡೆಯುವುದು ಬೇರೆ.

ಉಚಿತ ಶಿಬಿರಗಳಿಗಿರುವ ದೊಡ್ಡ ಕೊರತೆ ಮುಂದುವರಿಕೆಯದು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕ್ಷಯ ಒಂದು ದಿನದ ಗುಳಿಗೆಯಿಂದ ವಾಸಿಯಾಗುವುದಿಲ್ಲ. ಕ್ಷಯಕ್ಕೆ ಕನಿಷ್ಠ ಆರು ತಿಂಗಳ ಔಷಧ ವಾಡಿಕೆ. ನಡುವೆ ಬಿಟ್ಟರೆ ರೋಗ ಔಷಧಕ್ಕೆ ಬಗ್ಗದಂತಾಗುತ್ತದೆ. 2022ರಲ್ಲಿ ಆರಂಭವಾದ ನಿಕ್ಷಯ್ ಮಿತ್ರ ಯೋಜನೆಯಲ್ಲಿ ಯಾವ ನಾಗರಿಕನೂ ಕ್ಷಯರೋಗಿಯೊಬ್ಬರ ಪೌಷ್ಟಿಕ ಆಹಾರದ ಹೊಣೆ ಹೊರಬಹುದು. ಶಿಬಿರಕ್ಕಿಂತ ಇದು ಗಟ್ಟಿಯಾದ ಸೇವೆ, ಏಕೆಂದರೆ ತಿಂಗಳುಗಟ್ಟಲೆ ಸಾಗುತ್ತದೆ. ಔರಾದಿನ ರೋಗಿ ಇಂದಿಗೂ ಬೀದರಿಗೆ ಸುಮಾರು 40 ಕಿಲೋಮೀಟರ್ ಬರಬೇಕು, ಇಲ್ಲವೇ ಗಡಿ ದಾಟಿ ಉದಗೀರಿಗೆ ಹೋಗಬೇಕು. ರೋಗ ಬಲಿತರೆ ಹೈದರಾಬಾದ್. ಅಂಥ ಊರಿಗೆ ವರ್ಷಕ್ಕೊಮ್ಮೆ ಶಾಮಿಯಾನ ಹಾಕಿ ನಡೆಸುವ ಮಹಾಶಿಬಿರಕ್ಕಿಂತ, ಅದೇ ವೈದ್ಯರು ಅದೇ ವಾರದ ದಿನ ಅದೇ ಕಟ್ಟೆಗೆ ಬಂದು, ಹಿಂದಿನ ಸಲದ ಚೀಟಿ ತೆರೆದು ನೋಡುವ ಸಣ್ಣ ಚಿಕಿತ್ಸಾಲಯ ಹೆಚ್ಚು ಜೀವ ಉಳಿಸುತ್ತದೆ.